ತಿಂಗಳ ಶುಲ್ಕವಿಲ್ಲದ ಅಲಾರಂ: ಬಳಸಿದವರು ಏನು ಹೇಳುತ್ತೀರಿ?

ಪ್ರಶ್ನೆ: ಮನೆಗೆ ಕಳ್ಳರ ಅಲಾರಂ ಹಾಕಿಸಬೇಕೆಂದಿದ್ದೇನೆ. ತಿಂಗಳ ಶುಲ್ಕ ಪಡೆದು ಹಗಲೂ ರಾತ್ರಿ ಕಣ್ಗಾವಲು ಇಡುವ ಕಂಪನಿಯ ಸೇವೆ ಬೇಡ. ಸುದ್ದಿ ನನ್ನ ಮೊಬೈಲಿಗೇ ಬಂದರೆ ಸಾಕು. ಮನೆಯಲ್ಲಿ ಬೆಕ್ಕಿದೆ. ಆಗಾಗ ಎಲ್ಲರೂ ಪರಸ್ಥಳಕ್ಕೆ ಹೋಗಿರುತ್ತೇವೆ. ಯಾವ ಬಗೆಯದು ಒಳ್ಳೆಯದು?

ಉತ್ತರ: ಪೆಟ್ಟಿಗೆಯ ಮೇಲಿನ ಸೌಲಭ್ಯಗಳ ಪಟ್ಟಿಯನ್ನು ಆಮೇಲೆ ಓದಿ. ಅಲಾರಂ ಕೂಗಿದಾಗ ನೀವು ಪರಸ್ಥಳದಲ್ಲಿದ್ದರೆ ಬಾಗಿಲವರೆಗೆ ಹೋಗಿ ನೋಡುವವರು ಯಾರು? ಶುಲ್ಕ ಉಳಿಸುವುದೆಂದರೆ ಆ ಕೆಲಸವನ್ನು ನೀವೇ ಹೊತ್ತುಕೊಳ್ಳುವುದು. ಹತ್ತಿರವಿರುವ ಇಬ್ಬರನ್ನಾದರೂ ಕೇಳಿ ಒಪ್ಪಿಸಿ, ಅವರ ಸಂಖ್ಯೆಗಳನ್ನೂ ಸೇರಿಸಿ. ಒಬ್ಬರು ಎತ್ತದಿದ್ದರೆ ಮುಂದಿನವರಿಗೆ ತಾನೇ ಕರೆ ಮಾಡುವ ಯಂತ್ರವನ್ನೇ ಕೊಳ್ಳಿ. ಆ್ಯಪ್‌ನ ಸೂಚನೆ ಮಾತ್ರ ಕಳಿಸುವುದು ನನಗೆ ಒಗ್ಗಲಿಲ್ಲ. ಮೌನಕ್ಕಿಟ್ಟ ಮೊಬೈಲಿನಲ್ಲಿ ಅದು ಬೆಳಗಿನವರೆಗೂ ಸುಮ್ಮನೆ ಬಿದ್ದಿರುತ್ತದೆ.

ಉತ್ತರ: ಮೇಲಿನವರ ಮಾತು ಸರಿ, ಆದರೆ ಸುದ್ದಿ ಮನೆಯಿಂದ ಹೊರಗೆ ಹೋಗುವ ದಾರಿಯನ್ನೂ ನೋಡಬೇಕು. ವೈಫೈ ಒಂದನ್ನೇ ನಂಬಿದ ಯಂತ್ರದಲ್ಲಿ ಬ್ಯಾಟರಿ ಇದ್ದರೂ ಕರೆಂಟು ಹೋದೊಡನೆ ರೌಟರ್ ಸಾಯುತ್ತದೆ. ಆಗ ಸೈರನ್ ಮನೆಯೊಳಗೆ ಅರಚುತ್ತದೆ, ನಿಮಗೆ ಮಾತ್ರ ಏನೂ ತಿಳಿಯುವುದಿಲ್ಲ. ವೈಫೈ ಜೊತೆಗೆ ಸಿಮ್ ಕೂಡ ಇರುವುದನ್ನು ಆರಿಸಿ, ರೌಟರ್‌ಗೆ ಚಿಕ್ಕ ಯುಪಿಎಸ್ ಕೊಡಿ. 2ಜಿ ಮಾತ್ರ ಬಲ್ಲ ಹಳೆಯ ಮಾದರಿ ಅಗ್ಗವಾಗಿ ಸಿಕ್ಕರೂ ಬೇಡ, ಹಲವು ದೇಶಗಳಲ್ಲಿ ಆ ಜಾಲವನ್ನೇ ಮುಚ್ಚಿದ್ದಾರೆ. ಸಿಮ್‌ನ ಅವಧಿ ಮುಗಿಯದಂತೆ ನೋಡಿಕೊಳ್ಳುವ ಕೆಲಸವೂ ನಿಮ್ಮದೇ. ಇನ್ನೊಂದು ಮಾತು: ಯಂತ್ರದ ಸಂಪರ್ಕ ಕಡಿದರೆ ತಯಾರಕರ ಸರ್ವರ್ ನಿಮಗೆ ತಿಳಿಸುತ್ತದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಎಲ್ಲವೂ ಕ್ಷೇಮವಾಗಿದೆಯೋ ಯಂತ್ರವೇ ಸತ್ತಿದೆಯೋ ದೂರದಿಂದ ಗೊತ್ತಾಗುವುದಿಲ್ಲ.

ಉತ್ತರ: ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ಚಲನೆ ಗುರುತಿಸುವ ಸಾಮಾನ್ಯ ಸೆನ್ಸರ್ ಅತಿಗೆಂಪು ಕಿರಣದ ಏರಿಳಿತವನ್ನು ನೋಡುತ್ತದೆ. ಬೆಚ್ಚಗಿನ ಮೈ ಅದರ ಮುಂದೆ ಅಡ್ಡಲಾಗಿ ಹಾದುಹೋದರೆ ಬೇಗ ಹಿಡಿಯುತ್ತದೆ, ನೇರವಾಗಿ ಅದರತ್ತಲೇ ನಡೆದು ಬಂದರೆ ತಡವಾಗಿ. ಆದ್ದರಿಂದ ಹಜಾರದಲ್ಲಿ ಜನ ಅಡ್ಡ ದಾಟುವ ಕಡೆ ಕೂರಿಸಿ. ಬಿಸಿಲು ಬೀಳುವ ಕಿಟಕಿಗೂ ಹೀಟರ್‌ಗೂ ಎದುರಾಗಿ ಬೇಡ. ‘ಸಾಕುಪ್ರಾಣಿಗೆ ಕೂಗುವುದಿಲ್ಲ’ ಎಂಬ ಸೆನ್ಸರ್‌ಗಳ ಭರವಸೆ ಪ್ರಾಣಿ ನೆಲದ ಮೇಲಿರುವವರೆಗೆ ಮಾತ್ರ. ಬೆಕ್ಕು ಕಪಾಟು ಹತ್ತದೇ ಇರುತ್ತದೆಯೇ? ನಮ್ಮದಂತೂ ಅದನ್ನೇ ಸಿಂಹಾಸನ ಮಾಡಿಕೊಂಡಿದೆ. ನಾವು ಬಾಗಿಲು ಕಿಟಕಿಗಳಿಗೆ ಹಾಕುವ, ಅವು ತೆರೆದೊಡನೆ ಗುರುತಿಸುವ ಮ್ಯಾಗ್ನೆಟ್ ಸೆನ್ಸರ್‌ಗಳನ್ನೇ ನೆಚ್ಚಿಕೊಂಡಿದ್ದೇವೆ.

ಉತ್ತರ: ಒಂದು ಕ್ಯಾಮೆರಾ ಒಳಗಿರಲಿ. ಕಳ್ಳನನ್ನು ತಡೆಯಲಿಕ್ಕಲ್ಲ, ಕೂಗಿದ್ದು ಏಕೆಂದು ನೋಡಲಿಕ್ಕೆ. ‘ಅಲಾರಂ ಆಗಿದೆ’ ಎನ್ನುವುದಕ್ಕೂ ‘ಮನೆಯೊಳಗೆ ಒಬ್ಬ ನಿಂತಿರುವುದು ಕಾಣುತ್ತಿದೆ’ ಎನ್ನುವುದಕ್ಕೂ ಪೊಲೀಸರ ಕಿವಿಯಲ್ಲಿ ಬಹಳ ವ್ಯತ್ಯಾಸ.

ಉತ್ತರ: ಹೊರಗಿನ ಸೈರನ್‌ಗೆ ಸ್ವಂತ ಬ್ಯಾಟರಿಯೂ, ಯಾರಾದರೂ ಕಳಚಲು ಹೋದರೆ ಕೂಗುವ ಸ್ವಿಚ್ಚೂ ಇರಲಿ. ಎಷ್ಟು ನಿಮಿಷ ಕೂಗಲು ಅನುಮತಿ ಇದೆ ಎಂದು ನಿಮ್ಮಲ್ಲಿನ ನಿಯಮ ನೋಡಿ. ಸುಮ್ಮಸುಮ್ಮನೆ ಅರಚುವ ಸೈರನ್‌ಗೆ ನೆರೆಯವರು ಬಲುಬೇಗ ಕಿವುಡಾಗುತ್ತಾರೆ, ನೀವು ನೆಚ್ಚಿರುವುದು ಅವರ ಕಿವಿಯನ್ನೇ ಅಲ್ಲವೇ? ಮುಖ್ಯ ಯಂತ್ರವನ್ನು ಬಾಗಿಲ ಪಕ್ಕ ನೇತುಹಾಕಬೇಡಿ. ಒಳಬಂದವನು ಮೊದಲು ಅದನ್ನೇ ಒಡೆಯುತ್ತಾನೆ. ಬಾಗಿಲ ಬಳಿ ಕೀಲಿಮಣೆ ಮಾತ್ರ ಸಾಕು.

ಪ್ರಶ್ನೆ ಕೇಳಿದವರು: ಧನ್ಯವಾದ. ಸಿಮ್ ಇರುವುದನ್ನೇ ನೋಡುತ್ತೇನೆ. ಬೆಕ್ಕಿನ ದೆಸೆಯಿಂದ ಚಲನೆಯ ಸೆನ್ಸರ್ ಬಿಟ್ಟು ಮ್ಯಾಗ್ನೆಟ್‌ಗಳನ್ನಷ್ಟೇ ಹಾಕಿಸಿದರೆ ನಡೆಯುತ್ತದೆಯೇ?

ಉತ್ತರ: ಅರ್ಧ ನಡೆಯುತ್ತದೆ. ಕಿಟಕಿಯ ಚೌಕಟ್ಟು ತೆರೆಯದೆ ಗಾಜು ಒಡೆದು ನುಗ್ಗಿದರೆ ಮ್ಯಾಗ್ನೆಟ್‌ಗೆ ಸುಳಿವೇ ಸಿಗುವುದಿಲ್ಲ. ಗಾಜು ಒಡೆಯುವ ಸದ್ದಿಗೆ ಎಚ್ಚೆತ್ತುಕೊಳ್ಳುವ ಸೆನ್ಸರ್ ಬೇರೆ ಸಿಗುತ್ತದೆ, ಅದನ್ನು ಸೇರಿಸಿ. ಇಲ್ಲವೇ ಬೆಕ್ಕು ಹೋಗದ ಕೋಣೆಯೊಂದಿದ್ದರೆ ಅಲ್ಲಿ ಚಲನೆಯದನ್ನು ಇಡಿ. ಒಳಬಾಗಿಲುಗಳಿಗೂ ಮ್ಯಾಗ್ನೆಟ್ ಹಾಕಿಸಿ ಮುಚ್ಚಿಟ್ಟು ಹೊರಡಿ. ಕಳ್ಳ ಯಾವ ಕಿಟಕಿಯಿಂದ ಬಂದರೂ ಕೋಣೆಯಿಂದ ಕೋಣೆಗೆ ಹೋಗಲು ಒಂದಾದರೂ ಬಾಗಿಲು ತೆರೆಯಲೇಬೇಕು.