‘ಪಯೊನಿಯರ್ ಫಾರ್ಮ್‌ಹೌಸ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಬ್ರೂಕ್ಲಿನ್‌ನ ವೈಕಾಫ್ ಮನೆಯನ್ನು ನೋಡಲು ಇಲ್ಲಿನ ಕನ್ನಡಿಗರ ತಂಡವೊಂದು ಭಾನುವಾರ ಹೊರಟಿದ್ದು, ಹಿರಿಯರಿಗಾಗಿ ಒಂದು ಪುಟದ ಪರಿಚಯವನ್ನು ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿದೆ. 1637ರಲ್ಲಿ ಕರಾರಿನ ಆಳಾಗಿ ಡಚ್ಚರ ವಸಾಹತಿಗೆ ಬಂದ ಪೀಟರ್ ಕ್ಲಾಸೆನ್, 1652ರ ಸುಮಾರಿಗೆ ಹೆಂಡತಿ ಮಕ್ಕಳೊಡನೆ ಇಲ್ಲಿ ನೆಲೆಸಿದನು. ಆಗ ಮಣ್ಣಿನ ನೆಲದ ಒಂದೇ ಕೋಣೆಯಿದ್ದ ಈ ಮನೆ 1965ರಲ್ಲಿ ನ್ಯೂಯಾರ್ಕ್ ನಗರದ ಮೊದಲ ಸಂರಕ್ಷಿತ ಸ್ಮಾರಕವೆನಿಸಿತು. ಕರಡಿನಲ್ಲಿ ‘ಮೂಲನಿವಾಸಿ ಕುಟುಂಬದ ಫಾರ್ಮ್‌ಹೌಸ್’ ಎಂದು ಬರೆದಿದ್ದೇನೆ. ಎರಡು ಪದಗಳೂ ಮನಸ್ಸಿಗೆ ಒಪ್ಪುತ್ತಿಲ್ಲ.

ಮರು:

‘ಮೂಲನಿವಾಸಿ’ ಶುದ್ಧ ತಪ್ಪು. ಆ ಮಾತು ಸಲ್ಲಬೇಕಾದದ್ದು ಆ ನೆಲದಲ್ಲಿ ಮೊದಲೇ ಇದ್ದ ಲೆನಾಪೆ ಜನರಿಗೆ. ಇನ್ನು ‘ಫಾರ್ಮ್‌ಹೌಸ್’ ಎಂದರೆ ಇಂದಿನ ಬೆಂಗಳೂರಿಗರ ಕಣ್ಣಿಗೆ ಬರುವುದು ಸಿರಿವಂತರ ವಾರಾಂತ್ಯದ ಬಂಗಲೆಯೇ ಹೊರತು ಮಣ್ಣಿನ ನೆಲದ ಕೋಣೆಯಲ್ಲ. ‘ಒಕ್ಕಲುಮನೆ’ ಎನ್ನಿ. ಕಣದಲ್ಲಿ ತೆನೆ ತುಳಿಸಿ ಕಾಳು ಬೇರ್ಪಡಿಸುವುದನ್ನು ‘ಒಕ್ಕುವುದು’ ಎನ್ನುತ್ತೇವೆ. ಒಕ್ಕುವವನೇ ಒಕ್ಕಲು, ಅವನ ಮನೆಯೇ ಒಕ್ಕಲುಮನೆ.

ಮರು: ಮರು:

ಕಣವನ್ನೂ ಒಕ್ಕಲನ್ನೂ ಗಂಟು ಹಾಕುವ ಈ ವ್ಯುತ್ಪತ್ತಿ ಕೇಳಲು ಇಂಪಾಗಿದೆ, ಅಷ್ಟೆ. ತಮಿಳಿನಲ್ಲಿ ‘ಒಕ್ಕಲ್’ ಎಂದರೆ ನೆಂಟರಿಷ್ಟರು. ತಿರುಕ್ಕುರಳಿನ 43ನೆಯ ಕುರಳಿನಲ್ಲಿ, ಗೃಹಸ್ಥನು ಪೊರೆಯಬೇಕಾದವರ ಪಟ್ಟಿಯಲ್ಲಿ ಆ ಪದ ಇದೇ ಅರ್ಥದಲ್ಲಿ ನಿಂತಿದೆ. ‘ನಾವು ತಿಮ್ಮಪ್ಪನ ಒಕ್ಕಲು’ ಎನ್ನುವವರು ದೇವರ ಕಣದಲ್ಲಿ ರಾಗಿ ಬಡಿಯುತ್ತಾರೆಯೇ? ಅದೂ ಅಲ್ಲದೆ ಕರಾವಳಿಯವರಿಗೆ ಒಕ್ಕಲು ಎಂದರೆ ಧಣಿಗೆ ಗೇಣಿ ಕೊಡುವವನು. 1901ರವರೆಗೆ ಒಂದೇ ವಂಶದ ಕೈಯಲ್ಲಿದ್ದ ಮನೆಗೆ ಆ ಹೆಸರು ಹೊಂದುವುದಿಲ್ಲ. ಎರವಲಿನ ಸೋಂಕಿಲ್ಲದ ‘ಬೇಸಾಯದ ಮನೆ’ ಸಾಕು.

ಮರು: ಮರು: ಮರು:

‘ಬೇಸಾಯ’ವು ‘ವ್ಯವಸಾಯ’ದ ತದ್ಭವ. ಎರವಲನ್ನು ಹೊರಗಟ್ಟಲು ಹೊರಟವರು ಮೊದಲು ತಮ್ಮ ಜಗುಲಿಯಲ್ಲಿ ಯಾರು ಕುಳಿತಿದ್ದಾರೆಂದು ನೋಡಿಕೊಳ್ಳುವುದು ಲೇಸು. ಕಣದ ವ್ಯುತ್ಪತ್ತಿಯನ್ನು ನಾನು ಹಿಂದೆಗೆದುಕೊಳ್ಳುತ್ತೇನೆ, ಪದವನ್ನಲ್ಲ. ಕ್ಲಾಸೆನ್ ಕರಾರಿನ ದುಡಿಮೆ ಮುಗಿಸಿದ ಮೇಲೆ ಉತ್ತರದ ರೆನ್ಸಲರ್‌ವೈಕ್ ಜಮೀನಿನಲ್ಲಿ ಗೇಣಿಗೇ ನೆಲ ಹಿಡಿದವನು. ಹೀಗಾಗಿ ಕರಾವಳಿಯ ಅರ್ಥದಲ್ಲಿಯೂ ಅವನು ಒಕ್ಕಲೇ. ವೈಕಾಫ್ ಎಂಬ ಮನೆತನದ ಹೆಸರು ಬಂದದ್ದು 1664ರಲ್ಲಿ ಆಂಗ್ಲರು ವಸಾಹತನ್ನು ವಶಪಡಿಸಿಕೊಂಡ ಮೇಲೆ.

ಮರು: ಮರು: ಮರು: ಮರು:

ಇಬ್ಬರಿಗೂ ವಂದನೆಗಳು. ಊರಿಗೆ ಬಂದು ನೆಲೆಯೂರುವವರನ್ನು ‘ಒಕ್ಕಲಾದರು’ ಎಂದೂ, ನೆಲ ಬಿಡಿಸಿ ಅಟ್ಟುವುದನ್ನು ‘ಒಕ್ಕಲೆಬ್ಬಿಸುವುದು’ ಎಂದೂ ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ಈ ಚರ್ಚೆಯ ನಡುವೆ ನೆನಪಿಗೆ ಬಂದುದರಿಂದ, ‘ಸೆಟ್ಲರ್’ಗೆ ಬೇರೆ ಪದ ಹುಡುಕುವ ಗೋಜೇ ಉಳಿಯಲಿಲ್ಲ. ಅಚ್ಚಿಗೆ ಹೋಗುತ್ತಿರುವ ಸಾಲು ಇದು: ‘ಲೆನಾಪೆ ಜನರು ಒಕ್ಕಲೆದ್ದ ನೆಲದಲ್ಲಿ ಮೊದಲು ಒಕ್ಕಲಾದ ಡಚ್ ಮನೆತನಗಳಲ್ಲೊಂದರ ಒಕ್ಕಲುಮನೆ.’