ಅಮೆರಿಕದಲ್ಲಿ ಡಯೆಟಿಷಿಯನ್ ಲೈಸೆನ್ಸ್: ಶಿರಸಿಯಿಂದ ಹೊರಡುವ ಮುನ್ನ ಏನೇನು ಸಿದ್ಧವಿರಬೇಕು?

ಪ್ರಶ್ನೆ (ಶಿರಸಿಯಿಂದ):
ನಮಸ್ಕಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಯೆಟಿಷಿಯನ್ ಆಗಿ ಕೆಲಸ ಮಾಡುತ್ತಿದ್ದೇನೆ. ಯಜಮಾನರು ಟೆಕ್ಸಾಸ್‌ನಲ್ಲಿದ್ದಾರೆ, ಮಳೆಗಾಲ ಮುಗಿದ ಮೇಲೆ ನಾನೂ ಎಚ್-4 ವೀಸಾದಲ್ಲಿ (ಅಲ್ಲಿ ಕೆಲಸದ ವೀಸಾದಲ್ಲಿರುವವರ ಪತಿ, ಪತ್ನಿ, ಮಕ್ಕಳಿಗೆ ಕೊಡುವ ವೀಸಾ) ಹೊರಡುವವಳಿದ್ದೇನೆ. ಸಕ್ಕರೆ ಕಾಯಿಲೆಯವರಿಗೆ ಊಟದ ಕ್ರಮ ಹೇಳಿಕೊಡುವ ಈ ಕೆಲಸವನ್ನು ಬಿಡಲು ನನಗೆ ಮನಸ್ಸಿಲ್ಲ. ಪದವಿಪತ್ರ ತೋರಿಸಿ ನೇರವಾಗಿ ರಾಜ್ಯದ ಲೈಸೆನ್ಸಿಗೆ ಅರ್ಜಿ ಹಾಕಬಹುದೇ? ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿ ಬಂದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕೇ?

ಉತ್ತರ (ಹೊನ್ನಾವರದವರು, ಈಗ ಡಲ್ಲಾಸ್):
ನೇರವಾಗಿ ಆಗುವುದಿಲ್ಲ, ತಂಗಿ. ರಾಜ್ಯದ ಲೈಸೆನ್ಸ್ ಕೊನೆಯ ಮೆಟ್ಟಿಲು. ಅದಕ್ಕೆ ಮುಂಚಿನ ರಾಷ್ಟ್ರಮಟ್ಟದ ನೋಂದಣಿಯೇ ನಿಜವಾದ ಶ್ರಮದ ಭಾಗ. ಆ ನೋಂದಣಿಯ ಪರೀಕ್ಷೆಯನ್ನು ನಡೆಸುವುದು ಸಿಡಿಆರ್ (ಕಮಿಷನ್ ಆನ್ ಡಯೆಟೆಟಿಕ್ ರಿಜಿಸ್ಟ್ರೇಷನ್) ಎಂಬ ಆಯೋಗ. 2024ರ ಜನವರಿ 1ರಿಂದ ಪರೀಕ್ಷೆಗೆ ಕೂರಲು ಕನಿಷ್ಠ ಸ್ನಾತಕೋತ್ತರ ಪದವಿ ಬೇಕಾಗಿದೆ, ಅದು ನಿಮ್ಮಲ್ಲಿದೆ. ಆದರೆ ಆ ಪದವಿ ಅಮೆರಿಕದ ಪದವಿಗೆ ಸಮಾನವೆಂದು ಹೇಳುವ ವರದಿಯನ್ನು, ವಿದೇಶದ ಪದವಿಗಳನ್ನು ಅಳೆಯುವ ಮಾನ್ಯತೆ ಪಡೆದ ಮೌಲ್ಯಮಾಪನ ಸಂಸ್ಥೆಯಿಂದ ತರಬೇಕು. ನಂತರ ಏಸೆಂಡ್ (ಡಯೆಟಿಷಿಯನ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯಿರುವ ವಿಶ್ವವಿದ್ಯಾಲಯದ ಕಾರ್ಯಕ್ರಮವೊಂದನ್ನು ಸಂಪರ್ಕಿಸಿ, ಅವರು ಕೊರತೆಯೆಂದು ಹೇಳಿದ ವಿಷಯಗಳನ್ನು ಓದಿ, ಕನಿಷ್ಠ 1,000 ಗಂಟೆಗಳ ಮೇಲ್ವಿಚಾರಣೆಯ ತರಬೇತಿಯನ್ನು ಪೂರೈಸಬೇಕು. ಶಿರಸಿಯ ಆಸ್ಪತ್ರೆಯ ಅನುಭವ ತಾನಾಗಿಯೇ ಆ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಈಗಲೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಪಾಸಾದ ಮೇಲೆ ಟೆಕ್ಸಾಸ್‌ನ ಲೈಸೆನ್ಸ್ ಇಲಾಖೆಗೆ ಅರ್ಜಿ ಹಾಕಬಹುದು. ರಾಜ್ಯದ ಕಾನೂನಿನ ಮೇಲೆ ಒಂದು ಚಿಕ್ಕ ಪರೀಕ್ಷೆಯೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ, ಆದರೆ ನೋಂದಾಯಿತ ಡಯೆಟಿಷಿಯನ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಹಾಗಾಗಿ ಸಿಡಿಆರ್ ನೋಂದಣಿಯೊಂದು ಕೈಯಲ್ಲಿದ್ದರೆ ರಾಜ್ಯ ಬದಲಾದರೂ ಮೊದಲಿನಿಂದ ಶುರುಮಾಡುವ ಪ್ರಮೇಯ ಬರುವುದಿಲ್ಲ. ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ಕೆಲಸಕ್ಕೆ ಮಾತ್ರ ಪ್ರತ್ಯೇಕ ಅನುಮತಿ ಪತ್ರ ಬೇಕು. ತರಬೇತಿಯನ್ನು ಆ ವೀಸಾದಲ್ಲಿ ಹೇಗೆ ಮಾಡಬಹುದೆಂದು ಸೇರುವ ಮುನ್ನವೇ ವಿಶ್ವವಿದ್ಯಾಲಯದಲ್ಲಿ ಕೇಳಿಕೊಳ್ಳಿ.

ಉತ್ತರ (ಕಾರವಾರದಿಂದ):
ಊರಿನಲ್ಲಿರುವಾಗಲೇ ಆಗಬೇಕಾದ ಕೆಲಸಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಸಾಗರದಾಚೆಯಿಂದ ಧಾರವಾಡದ ಕಚೇರಿಗೆ ಫೋನು ಮಾಡಿ ಕಾಗದ ತರಿಸುವುದು ಬಹಳ ತ್ರಾಸದ ಕೆಲಸ. ಬರಿಯ ಅಂಕಪಟ್ಟಿ ಸಾಲದು. ಪ್ರತಿ ವಿಷಯದ ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಮೊಹರಿನೊಂದಿಗೆ ಪಡೆದುಕೊಳ್ಳಿ. ಯಾವ ವಿಷಯ ಓದಿದ್ದೀರಿ, ಯಾವುದು ಬಾಕಿಯಿದೆ ಎಂಬುದನ್ನು ಅಲ್ಲಿಯವರು ಅಳೆಯುವುದು ಅದರಿಂದಲೇ. ಟ್ರಾನ್ಸ್‌ಕ್ರಿಪ್ಟನ್ನು (ಓದಿದ ವಿಷಯ ಮತ್ತು ಅಂಕಗಳ ಅಧಿಕೃತ ದಾಖಲೆ) ಮೌಲ್ಯಮಾಪನ ಸಂಸ್ಥೆಗೆ ನೇರವಾಗಿ ಕಳುಹಿಸುವ ವ್ಯವಸ್ಥೆಯನ್ನೂ ವಿಚಾರಿಸಿಡಿ.

ಓದಿನ ವಿಚಾರದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ರೋಗಿಯ ಆಹಾರ ಚಿಕಿತ್ಸೆಗೆ ಕೊಡುವಷ್ಟು ಗಮನವನ್ನು ಅಡುಗೆಮನೆಯ ಆಡಳಿತಕ್ಕೆ ಕೊಡುವುದಿಲ್ಲ. ಸಿಡಿಆರ್ ಪರೀಕ್ಷೆಯಲ್ಲಿ ಖರೀದಿ, ದಾಸ್ತಾನು, ಸಿಬ್ಬಂದಿ, ಸ್ವಚ್ಛತೆ ಇವೂ ಬರುತ್ತವೆ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಒಂದೆಲಗದ ತಂಬುಳಿಯ ಲೆಕ್ಕ ನಮಗೆ ಬಾಯಿಪಾಠವಾಗಿದೆ. ಅಲ್ಲಿನ ಔನ್ಸ್, ಪೌಂಡ್, ಕಪ್ಪುಗಳ ಲೆಕ್ಕವನ್ನು ಮಳೆಗಾಲದಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಕೆಲವೇ ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿ ನ್ಯೂಟ್ರಿಷನಿಸ್ಟ್ ಎಂಬ ಹೆಸರಿನಲ್ಲಿ ಕೆಲಸ ಆರಂಭಿಸಬಹುದು ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ (ಹೊನ್ನಾವರದವರು, ಈಗ ಡಲ್ಲಾಸ್):
ಆ ಹೆಸರನ್ನು ಯಾರು ಬಳಸಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಕೆಲವೆಡೆ ಅದಕ್ಕೂ ಲೈಸೆನ್ಸ್ ಬೇಕು. ಅನುಮತಿಯಿರುವಲ್ಲಿಯೂ ಅಂಥ ಸರ್ಟಿಫಿಕೇಟ್ ನಂಬಿ ಆಸ್ಪತ್ರೆಗಳು ಡಯೆಟಿಷಿಯನ್ ಹುದ್ದೆ ಕೊಡುವುದಿಲ್ಲ. ಇಷ್ಟು ಓದಿದ ನೀವು ಆ ದಾರಿಗೆ ಹಣ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ಹಣವನ್ನು ಪದವಿಯ ಮೌಲ್ಯಮಾಪನಕ್ಕೆ ಇಟ್ಟುಕೊಳ್ಳಿ. ನೀವು ಈಗ ಕೆಲಸ ಮಾಡುತ್ತಿರುವ ಆಸ್ಪತ್ರೆಯಿಂದ ಯಾವ ವಿಭಾಗದಲ್ಲಿ ಎಷ್ಟು ಗಂಟೆ ದುಡಿದಿರಿ ಎಂದು ವಿವರವಾಗಿ ಬರೆದ ಪತ್ರವನ್ನು, ನಿಮ್ಮ ಕೆಲಸ ಬಲ್ಲ ವೈದ್ಯರು ಅಲ್ಲಿರುವಾಗಲೇ, ಅವರ ಸಹಿಯೊಂದಿಗೆ ಪಡೆದುಕೊಳ್ಳಿ. ಹಿಂದಿನ ಅನುಭವವನ್ನು ಪರಿಗಣಿಸುವ ಕಾರ್ಯಕ್ರಮ ಸಿಕ್ಕರೆ ಅವರು ಮೊದಲು ಕೇಳುವುದು ಅದನ್ನೇ.