2013ರ 520ಡಿ ತಗೊಳ್ಳಬಹುದಾ? ಇಟ್ಟುಕೊಂಡವರು ಹೇಳಿ

ದಾವಣಗೆರೆಯಿಂದ: 2013ರ ಬಿಎಂಡಬ್ಲ್ಯು 520ಡಿ ನೋಡಿ ಬಂದೆ. ಎರಡನೇ ಓನರ್, 86 ಸಾವಿರ ಓಡಿದೆ, 9 ಲಕ್ಷ ಹೇಳುತ್ತಿದ್ದಾರೆ. ಎಂಜಿನ್ ಒಳಗೆ ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಚೈನ್ ಹಾಳಾಗುತ್ತದೇನೋ ಅಂತ ಭಯ ಇದೆ. ಅನುಭವ ಇದ್ದವರು ತಿಳಿಸಿ.

ಹುಬ್ಬಳ್ಳಿಯಿಂದ: ನನ್ನದು ಬೇರೆ ಕಂಪನಿ, ಅದೂ ಜರ್ಮನ್ನೇ. ಏರ್ ಸಸ್ಪೆನ್ಷನ್ ಗಾಡಿ, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ನಿಲ್ಲುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಮುಂದಿನ ಎಡಭಾಗ ನೆಲ ಹಿಡಿದಿತ್ತು. ಗಾಳಿ ತುಂಬುವ ಕಂಪ್ರೆಸರ್ ಹೋಗಿದೆ ಅಂದರು. 68,500 ಕೊಟ್ಟೆ. ಹನ್ನೊಂದೇ ದಿನಕ್ಕೆ ಮತ್ತೆ ಕೂತಿತು. ಸೋರುತ್ತಿದ್ದದ್ದು ಸ್ಟ್ರಟ್, ಅಂದರೆ ಚಕ್ರದ ಹತ್ತಿರ ಆ ಗಾಳಿ ಚೀಲ ಇರುವ ಭಾಗ. ಅದು ಸೋರಿದ್ದಕ್ಕೇ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟಿತ್ತು. ಎರಡು ಸ್ಟ್ರಟ್ 1,84,000. ಗಾಳಿ ಹಂಚುವ ವಾಲ್ವ್ ಬ್ಲಾಕ್ 31,200. ಕೂಲಿ 22,700. ಟೋಯಿಂಗ್ 9,000. ಒಟ್ಟು 3,15,400. ಹೆಂಡತಿಯ ಬಳೆ ಅಡ ಇಟ್ಟೆ. ಬೇಡ ಸರ್.

ಮಂಗಳೂರಿನಿಂದ: 520ಡಿ ಸೆಡಾನಿಗೆ ಏರ್ ಸಸ್ಪೆನ್ಷನ್ನೇ ಇಲ್ಲ, ಸುಮ್ನೆ ಹೆದರಿಸಬೇಡಿ. ನನ್ನದು ಅದೇ ಗಾಡಿ. 6 ವರ್ಷದಿಂದ ಇದೆ, 1,42,000 ಆಗಿದೆ. ಶಿರಾಡಿ ಘಾಟಿ ಎಷ್ಟು ಸಲ ಹತ್ತಿಸಿದ್ದೇನೋ ಲೆಕ್ಕವಿಲ್ಲ. 8,000ಕ್ಕೊಮ್ಮೆ ಎಂಜಿನ್ ಆಯಿಲ್ ತಪ್ಪಿಸಿಲ್ಲ. ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಅನ್ನುತ್ತಾರೆ, ನಂಬಬೇಡಿ. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್‌ನವರೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಬದಲಿಸಿ ಅಂತಾರೆ. ನಾನು 90 ಸಾವಿರ ಕಿ.ಮೀ. ಆದಾಗ ಮಾಡಿಸಿದೆ. ಫಿಲ್ಟರ್ ಸಂಪಿನ (ಕೆಳಗಿನ ಆಯಿಲ್ ತಟ್ಟೆಯ) ಜೊತೆಗೇ ಬರುತ್ತದೆ, 43,000 ಆಯ್ತು. ನೋಡಿಕೊಳ್ಳದವರು ಆಮೇಲೆ ಅಳುತ್ತಾರೆ.

ಹುಬ್ಬಳ್ಳಿಯಿಂದ: ನೋಡಿಕೊಳ್ಳದವರು ಅಂದ್ರೆ ಯಾರು? ಒಂದು ಸರ್ವಿಸ್ ಕೂಡ ಬಿಟ್ಟಿಲ್ಲ ನಾನು. ಹಳೇ ರಬ್ಬರ್ ಬಿರುಕು ಬಿಟ್ಟರೆ ಆಯಿಲ್ ಹಾಕಿ ತಡೆಯುತ್ತೀರಾ?

ಬೆಂಗಳೂರಿನಿಂದ: ನಾನು ದೆಹಲಿಯಿಂದ ತಂದೆ. 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ಅಲ್ಲಿನ ಆಗಿನ ನಿಯಮದಿಂದಾಗಿ ಅಗ್ಗಕ್ಕೆ ಸಿಕ್ಕಿತು. 2 ಲಕ್ಷ ಉಳಿಯಿತು ಅಂದುಕೊಂಡಿದ್ದೆ. ಎನ್‌ಒಸಿಗೆ ನಾಲ್ಕು ತಿಂಗಳು ಅಲೆದೆ. ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಿದೆ. ಕೊನೆಗೆ ಉಳಿದದ್ದು 18 ಸಾವಿರ.

ಮಂಗಳೂರಿನಿಂದ: ನಿಮ್ಮಂಥವರು ಅಲ್ಲಿಂದ ಮೀಟರ್ ತಿರುಗಿಸಿದ ಗಾಡಿ ತಂದು ತುಂಬಿಸುತ್ತೀರಿ. ಚೆನ್ನಾಗಿ ಇಟ್ಟುಕೊಂಡ ನಮ್ಮ ಗಾಡಿಗೆ ಬೆಲೆ ಬರಲ್ಲ.

ಬೆಂಗಳೂರಿನಿಂದ: ಇಲ್ಲಿನವು ಏನು ಅಪರಂಜಿನಾ? 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಮಳೆ ನೀರಿಗೆ ಮುಳುಗಿದ ಗಾಡಿಗಳೆಲ್ಲ ಎಲ್ಲಿ ಹೋದವು? ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ.

ದಾವಣಗೆರೆಯಿಂದ: ಚೈನ್ ಬಗ್ಗೆ ಯಾರಾದರೂ ಹೇಳಿ ಸರ್.

ಮೈಸೂರಿನಿಂದ: 2013 ಅಂದ್ರೆ ಎನ್47 ಎಂಜಿನ್. ಚೈನ್ ಇರುವುದು ಎಂಜಿನ್ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ. ಗೇರ್‌ಬಾಕ್ಸ್ ಇಳಿಸದೆ ಕೈ ಹೋಗಲ್ಲ, ಅದಕ್ಕೇ ಕೂಲಿ ಜಾಸ್ತಿ. ರಾತ್ರಿಯಿಡೀ ನಿಂತ ಗಾಡಿಯನ್ನು ನೀವೇ ಸ್ಟಾರ್ಟ್ ಮಾಡಿ. ಎಂಜಿನ್ ಹಿಂಭಾಗದಿಂದ ಗರಗರ ಉಜ್ಜುವ ಸದ್ದು ಬಂದರೆ ಬಿಡಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಅಂತ, ಅವತ್ತು ನೋಡಲೇಬೇಡಿ, ಇನ್ನೊಂದು ದಿನ ಹೋಗಿ.

ಮಂಗಳೂರಿನಿಂದ: ನನ್ನದರಲ್ಲಿ ಒಂದು ದಿನವೂ ಸದ್ದು ಬಂದಿಲ್ಲ.

ಹುಬ್ಬಳ್ಳಿಯಿಂದ: ಅದು ಇರಲಿ. ಅಳುತ್ತಾರೆ ಅಂದಿರಲ್ಲ, ಆ ಮಾತು ಮೊದಲು ವಾಪಸ್ ತಗೊಳ್ಳಿ.